ಪಿಂಗಾಣಿಗೆ ಹಚ್ಚಿದ ಕುಂಕುಮ

ಕೆಲಸ ಕಾಯಂ ಆಗುತ್ತದೋ ಇಲ್ಲವೋ ಎಂದು ತೀರ್ಮಾನವಾಗಬೇಕಿದ್ದ ದಿನವೇ ನಾನು ಎಡವಟ್ಟು ಮಾಡಿಕೊಂಡೆ. ಕುರಕುಂಭದ ಒಂದು ಕಾರ್ಖಾನೆಗೆ ನಮ್ಮ ಕಂಪನಿ ಹೊಸ ಸಬ್‌ಸ್ಟೇಷನ್ ಕಟ್ಟಿತ್ತು. ಅಲ್ಲಿನ ಟ್ರಾನ್ಸ್‌ಫಾರ್ಮರಿಗೆ ಅವತ್ತು ಮೊದಲ ಸಲ ವಿದ್ಯುತ್ ಹರಿಸುವುದಿತ್ತು. ಟ್ರೇನಿ ಇಂಜಿನಿಯರ್ ಆಗಿದ್ದ ನಾನೇ ಅದರ ಎಲ್ಲ ಪರೀಕ್ಷೆ ಮಾಡಿದ್ದೆ. ಕಾಯಂ ಆಗದಿದ್ದರೆ ಅಪ್ಪ ಕಪಾಟಿನ ಮೇಲೆ ಪೇರಿಸಿಟ್ಟ ಬ್ಯಾಂಕ್ ಪರೀಕ್ಷೆಯ ಪುಸ್ತಕ ಓದಬೇಕು. ಖಡಕಿಯ ನಮ್ಮ ಮನೆಯಲ್ಲಿ ಹಾಗಂತ ಒಪ್ಪಂದವಾಗಿತ್ತು.

ಬೆಳಿಗ್ಗೆ ಅವ್ವ ಡಬ್ಬಿಯ ಚೀಲದಲ್ಲಿ ಕುಂಕುಮದ ಪೊಟ್ಟಣ ಇಟ್ಟಳು. "ಮಶೀನಿಗೆ ಹಚ್ಚು, ಮರೀಬ್ಯಾಡ" ಅಂದಳು. ನನಗೆ ಸುಮ್ಮನಿರಲು ಆಗುವುದಿಲ್ಲ. "ಮಶೀನಿಗೆ ಬೇಕಾಗಿದ್ದು ಎಣ್ಣಿ, ಕುಂಕುಮ ಅಲ್ಲ" ಅಂದೆ. ಆದರೂ ತೆಗೆದುಕೊಂಡು ಹೋದೆ.

ಸೈಟಿನಲ್ಲಿ ಪೂಜೆಯ ತಟ್ಟೆ ನನ್ನ ಕೈಗೇ ಬಂತು. ಬೇರೆ ಹೆಣ್ಣುಮಕ್ಕಳು ಯಾರೂ ಇಲ್ಲ, ಮೇಡಮ್ಮೇ ಮಾಡಲಿ ಅಂದರು. ಮೀಟರ್ ಹಿಡಿಯಲು ಬಂದವಳಿಗೆ ಆರತಿ ಕೊಡುತ್ತಾರಲ್ಲ ಎಂದು ಸಿಟ್ಟು ಬಂತು. ಆದರೆ ಖುಷಿ ಅದಕ್ಕಿಂತ ಹೆಚ್ಚಿತ್ತು. ಪ್ಯಾನೆಲ್ ಬಾಗಿಲಿಗೆ ಸ್ವಸ್ತಿಕ ಬರೆದೆ. ಅಷ್ಟಕ್ಕೇ ಬಿಡಬೇಕಿತ್ತು. ಏಣಿ ಹತ್ತಿ, ಟ್ರಾನ್ಸ್‌ಫಾರ್ಮರಿನ ತಲೆಯ ಮೇಲಿನ ಮೂರು ಪಿಂಗಾಣಿ ಕಂಬಗಳಿಗೂ ಒದ್ದೆ ಕುಂಕುಮ ಎಳೆದೆ, ಮನೆಯಲ್ಲಿ ಮಿಕ್ಸರಿಗೆ ಹಚ್ಚುವ ಹಾಗೆ! ತಂತಿ ಒಳಗೆ ಹೋಗುವುದು ಆ ಕಂಬಗಳ ಮೂಲಕ. ಅವು ಒಣಗಿ, ಸ್ವಚ್ಛವಾಗಿರಬೇಕು. ಇಲ್ಲದಿದ್ದರೆ ಕರೆಂಟ್ ಮೇಲಿಂದಲೇ ಜಿಗಿದು ಎಲ್ಲ ಸುಟ್ಟುಹೋಗಬಹುದು. ಇದು ಕಾಲೇಜಿನ ಹುಡುಗರಿಗೂ ಗೊತ್ತು.

ಎಲ್ಲರೂ ಕಂಟ್ರೋಲ್ ರೂಮಿಗೆ ಬಂದೆವು. ನನ್ನನ್ನು ಕಾಯಂ ಮಾಡಬೇಕಿದ್ದ, ಬೆಳಗಾವಿ ಕಡೆಯ ನಮ್ಮ ಸಾಹೇಬರು ಸ್ವಿಚ್ಚಿನ ಮೇಲೆ ಕೈ ಇಟ್ಟರು. ಮುಹೂರ್ತ ಮುಗಿಯಲು ಐದೇ ನಿಮಿಷ. ಕಾರ್ಖಾನೆಯ ಮಾಲೀಕರು ಗಡಿಯಾರ ನೋಡುತ್ತಿದ್ದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಬಿಳಿ ಪಿಂಗಾಣಿಯ ಮೇಲೆ ಕೆಂಪು ಗೆರೆ, ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು.

"ತಡೀರಿ ಸರ್!" ಅಂತ ಕಿರುಚಿದೆ.

ಸಾಹೇಬರು ಕೈ ತೆಗೆದು, ನಾನು ತೋರಿಸಿದ ಕಡೆ ನೋಡಿದರು. ಮುಖ ಕಪ್ಪಿಟ್ಟಿತು. "ಯಾರು ಹಚ್ಚಿದ್ರು ಅದನ್ನ?"

ನಾನು ಹತ್ತಿದಾಗ ಏಣಿ ಹಿಡಿದಿದ್ದ ವಯಸ್ಸಾದ ಟೆಕ್ನಿಶಿಯನ್ ತಲೆ ತಗ್ಗಿಸಿದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬೈಗುಳ ಅವರ ಪಾಲಿಗೇ ಹೋಗುತ್ತಿತ್ತು. ಕಪಾಟಿನ ಮೇಲಿನ ಪುಸ್ತಕಗಳು ಕಣ್ಣ ಮುಂದೆ ಬಂದವು.

"ನಾನಽ ಹಚ್ಚೀನ್ರಿ" ಅಂದೆ.

ಸಾಹೇಬರು ಲೈನ್ ಬಂದ್ ಇರುವುದನ್ನು ಮತ್ತೆ ನೋಡಿ, ಅದನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ತಂತಿ ಹಾಕಿಸಿದರು. ನಾನೇ ಏಣಿ ಹತ್ತಿ, ಸ್ಪಿರಿಟ್ ಹಾಕಿ, ಒಣ ಬಟ್ಟೆಯಿಂದ ಮೂರೂ ಕಂಬ ತಿಕ್ಕಿದೆ. ಕರೆಂಟ್ ಎಲ್ಲೂ ಸೋರುವುದಿಲ್ಲ ಎಂದು ನೋಡುವ ಇನ್ಸುಲೇಶನ್ ಪರೀಕ್ಷೆ ಮತ್ತೊಮ್ಮೆ ಮಾಡಿ, ಅರ್ಥಿಂಗ್ ಬಿಚ್ಚಿಸುವಷ್ಟರಲ್ಲಿ ಮುಹೂರ್ತ ದಾಟಿ ಒಂದು ತಾಸಾಗಿತ್ತು. ಮಾಲೀಕರು ಮುಖ ಗಂಟು ಹಾಕಿಕೊಂಡೇ ಕೂತಿದ್ದರು.

"ಬರ್ರಿ ಇಲ್ಲೆ" ಎಂದು ಸಾಹೇಬರು ಕರೆದರು. ಬೈಗುಳಕ್ಕೆ ಸಿದ್ಧಳಾಗಿ ಹೋದೆ. ಅವರು ಸ್ವಿಚ್ಚಿನಿಂದ ಪಕ್ಕಕ್ಕೆ ಸರಿದರು. "ತಪ್ಪು ಎಲ್ಲಾರೂ ಮಾಡ್ತಾರ. ತಾವಽ ಕೂಗಿ ನಿಲ್ಲಿಸೋರು ಭಾಳ ಕಡಿಮಿ. ಹಾಕ್ರಿ ಸ್ವಿಚ್, ಕಾಯಂ ಇಂಜಿನಿಯರ್ ಮೇಡಂ."

ಹಾಕಿದೆ. ಧಡ್ ಎಂದಿತು. ಆಮೇಲೆ ಹೊರಗೆ ಟ್ರಾನ್ಸ್‌ಫಾರ್ಮರಿನಿಂದ ಗುಂಯ್ ಎಂಬ ಸದ್ದು ಬಂತು. ನಿಲ್ಲಲಿಲ್ಲ, ಒಂದೇ ಸಮನೆ ಬಂತು! ಹೆಲ್ಮೆಟ್ ತಲೆಯ ಮೇಲಿದ್ದಂತೆಯೇ ಕುಣಿದುಬಿಟ್ಟೆ. ಟೆಕ್ನಿಶಿಯನ್ ಕಾಕಾ ಚಪ್ಪಾಳೆ ಹೊಡೆದರು.

ಹೊರಗೆ ಬಂದು ಮನೆಗೆ ಫೋನ್ ಮಾಡಿದೆ. "ಅಪ್ಪಾ, ಆ ಪುಸ್ತಕ ಎಲ್ಲಾ ರದ್ದಿಗೆ ಹಾಕ್ರಿ!" ಅಂದೆ. ಅವರು ಏನೋ ಹೇಳುವಷ್ಟರಲ್ಲಿ ಅವ್ವ ಫೋನ್ ಕಸಿದುಕೊಂಡಳು.

"ಕುಂಕುಮ ಹಚ್ಚಿದ್ಯೋ ಇಲ್ಲೋ?"

"ಹಚ್ಚಿದ್ನೆವ್ವಾ" ಅಂದೆ. "ಅದನ್ನ ಒರಸಿದ್ದಕ್ಕಽ ಕೆಲಸ ಕಾಯಂ ಆತು."