ಮೂರನೆಯ ತತ್ರಾಣಿ

ಬಿಸಿಲಿಗೆ ತಲೆ ಕೆಟ್ಟಿತ್ತು ಎಂದು ನೀವು ಅನ್ನಬಹುದು. ಬೇರೆ ಯಾರಾದರೂ ಈ ಸಂಗತಿ ಹೇಳಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಆಗ ನಾನು ಸೊಲ್ಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ದೆವ್ವ, ಗಾಳಿ ಎಂಬುದೆಲ್ಲ ನನಗೆ ಕೆಲಸವಿಲ್ಲದವರ ಮಾತಾಗಿ ಕಾಣುತ್ತಿತ್ತು. ನಮ್ಮ ಮಾವನವರು ಊಟದ ಪಂಕ್ತಿಯಲ್ಲಿ ಅಂಥ ಕಥೆ ತೆಗೆದರೆ ಮಜ್ಜಿಗೆ ಅನ್ನ ಬಿಟ್ಟು ಎದ್ದುಬಿಡುತ್ತಿದ್ದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಇದ್ದಿದ್ದರೆ ಮೊದಲು ಅವರಿಗೇ ಹೇಳುತ್ತಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಓಡುವ ಹುಚ್ಚಿತ್ತು. ಹೆಂಡತಿ ಗಂಗಾಳ ಅಣ್ಣ ಸೈನ್ಯದಲ್ಲಿದ್ದ, ರಾಜಸ್ಥಾನದ ಮರಳುಗಾಡಿನಲ್ಲಿ. ತಮ್ಮ ಎರಡು ಠಾಣ್ಯಗಳ ನಡುವೆ ನೂರು ಮೈಲಿ ಮರಳಿದೆ, ಬೇಸಿಗೆಯಲ್ಲಿ ಅದನ್ನು ಒಬ್ಬನೇ ಓಡಿ ದಾಟಿದವನು ಇನ್ನೂ ಹುಟ್ಟಿಲ್ಲ ಎಂದು ಅವನು ತಮಾಷೆಗೆ ಕಾಗದ ಬರೆದ. ನಾನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಜೂನಿಗೆ ರಜೆ ಹಾಕಿದೆ. ದಾರಿಯಲ್ಲಿ ಅಲ್ಲಲ್ಲಿ ನೀರು ಹೂತಿಟ್ಟರೆ ದಾಟಬಲ್ಲೆ ಎಂದು ಅವನಿಗೆ ಬರೆದೆ. ಹೂತಿಡಿಸುತ್ತೇನೆ ಎಂದು ಅವನೂ ಒಪ್ಪಿಕೊಂಡ.

ಮೇ ತಿಂಗಳಿನಲ್ಲಿ ನಮ್ಮ ಅಕ್ಕಲಕೋಟ ರಸ್ತೆಯೇನು ಮರಳುಗಾಡಿಗೆ ಕಡಿಮೆಯಿಲ್ಲ. ಅಲ್ಲಿಯೇ ತಯಾರಿ ಶುರುಮಾಡಿದೆ. ಶನಿವಾರ ಸಂಜೆ ಸೈಕಲ್ಲಿನಲ್ಲಿ ಹೋಗಿ ನಾಲ್ಕು ಕಡೆ ನೀರು ತುಂಬಿದ ತತ್ರಾಣಿ ಹೂತು ಬರುವುದು. ಹೊಲಕ್ಕೆ ಒಯ್ಯುತ್ತಾರಲ್ಲ, ಆ ಉದ್ದ ಕುತ್ತಿಗೆಯ ಮಣ್ಣಿನ ಗಡಿಗೆ. ನೀರಿಗೆ ಉಪ್ಪು, ಬೆಲ್ಲ ಹಾಕಿ, ಗಂಗಾಳ ಹಳೆಯ ಸೀರೆಯ ಚೂರಿನಿಂದ ಬಾಯಿ ಕಟ್ಟುತ್ತಿದ್ದೆ. ರವಿವಾರ ನಡು ಮಧ್ಯಾಹ್ನ ಅಕ್ಕಲಕೋಟದವರೆಗೆ ಓಡಿ, ರಾತ್ರಿಯ ಬಸ್ಸಿಗೆ ಮರಳುವುದು.

"ಅಲ್ರೀ, ನಾಯಿ ಸುದ್ದಾ ನೆರಳ ಬಿಟ್ಟ ಏಳವಲ್ದು. ನಿಮಗ್ಯಾಕ ಈ ಖೋಡಿ?" ಎಂದು ಗಂಗಾ ಬೈದಳು.

"ಮೂರು ವಾರ ಓಡೀನಿ, ಏನಾಗೇತಿ? ಇದೊಂದು ಸಲ," ಎಂದೆ.

ನಾಲ್ಕನೆಯ ರವಿವಾರ ಅದು. ಮೊದಲೆರಡು ತತ್ರಾಣಿ ಇಟ್ಟಲ್ಲೇ ಸಿಕ್ಕವು, ಕುಡಿದೆ. ಮೂರನೆಯದನ್ನು ವಳಸಂಗ ದಾಟಿ ಒಂದು ಮೈಲಿಯ ಮೇಲೆ, ರಸ್ತೆ ಪಕ್ಕದ ಹಾಳು ಬಾವಿಯ ಹತ್ತಿರ ಬೇವಿನ ಬುಡದಲ್ಲಿ ಹೂತಿದ್ದೆ. ಅಲ್ಲಿಗೆ ಬರುವಷ್ಟರಲ್ಲಿ ಎರಡು ಗಂಟೆಯಾಗಿತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಬೇವಿನ ಬುಡದಲ್ಲಿ ಒಬ್ಬ ಮನುಷ್ಯ ನನಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕೂತಿದ್ದ. ಧೋತರ, ಬಿಳಿ ಅಂಗಿ, ಬರಿದಲೆ. ಕೈಯಲ್ಲಿ ನನ್ನ ತತ್ರಾಣಿ. ಅವನು ಕುಡಿಯುತ್ತಿದ್ದರೆ ಸಿಟ್ಟು ಬರುತ್ತಿರಲಿಲ್ಲವೇನೋ. ಸಣ್ಣ ಧಾರೆಯಾಗಿ ನೆಲಕ್ಕೆ ಸುರಿಯುತ್ತಿದ್ದ. ಕನ್ನಡದಲ್ಲಿ ಕೂಗಿದೆ, ಮರಾಠಿಯಲ್ಲಿ ಕೂಗಿದೆ. ತಿರುಗಲಿಲ್ಲ. ಹೋಗಿ ಕುತ್ತಿಗೆಗೆ ಕೈ ಹಾಕಿ ಎಳೆದೆ.

ಅವನು ಏಳುತ್ತಲೇ ನನ್ನ ಮುಂಗೈ ಕಚ್ಚಿದ. ಇಬ್ಬರೂ ಬಿದ್ದೆವು. ತತ್ರಾಣಿ ನಮ್ಮ ಕೆಳಗೆ ಒಡೆದ ಸದ್ದು ಕೇಳಿಸಿತು. ಆ ಸದ್ದಿಗೆ ನನ್ನೊಳಗೆ ಏನೋ ಕಿತ್ತುಕೊಂಡು ಬಂತು. ಅಲ್ಲಿಯವರೆಗೆ ನಾನು ಯಾರಿಗೂ ಕೈ ಎತ್ತಿದವನಲ್ಲ. ಅವನ ಎದೆಯ ಮೇಲೆ ಕೂತು ಬಾಯಿಗೆ ಗುದ್ದಿದೆ. ಮತ್ತೆ ಮತ್ತೆ ಗುದ್ದಿದೆ. ಅವನು ಕೈ ಅಡ್ಡ ಹಿಡಿದು, "ಬಸ್ ಮಾಡ್ರಿ ದಾದಾ, ಸಾಕು," ಎಂದ. ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿದ ಮೇಲೂ ಪಕ್ಕದ ಕಲ್ಲು ಎತ್ತಿ ಹಣೆಗೆ ಎರಡು ಸಲ ಹಾಕಿದೆ. ಅವನ ಕಾಲು ಸ್ವಲ್ಪ ಒದ್ದಾಡಿ ನಿಂತವು. ಕೆಳಗಿನ ಹಸಿ ಮಣ್ಣನ್ನು ಕೆದರಿ ಬಾಯಿಗೆ ಹಾಕಿಕೊಂಡು ಚೀಪಿದ್ದು ನನಗೆ ನೆನಪಿದೆ. ಹೆಣದ ಪಕ್ಕದಲ್ಲಿ ಕೂತೇ ಚೀಪಿದೆ.

ಆಮೇಲೆ ವಳಸಂಗಕ್ಕೆ ಓಡಿದೆ. ಅವನಿಗೆ ಸಹಾಯ ತರಲು ಓಡಿದೆ ಎಂದರೆ ಸುಳ್ಳಾದೀತು. ನೀರಿಗಾಗಿ ಓಡಿದೆ. ಊರ ಮುಂದಿನ ಚಹದಂಗಡಿಯವರು ತಲೆಯ ಮೇಲೆ ನೀರು ಸುರಿದು, ಕುಡಿಸಿ, ಕೂಡಿಸಿದರು. "ಒಬ್ಬಾವನ್ನ ಕೊಂದ ಬಂದೀನಿ," ಎಂದೆ.

ಅಲ್ಲಿದ್ದ ಇಬ್ಬರು ಚಕ್ಕಡಿ ಹೂಡಿದರು. ಒಬ್ಬ ಮುದುಕ, ಒಬ್ಬ ಅವನ ಅಳಿಯ. ಬೇವಿನ ಬುಡಕ್ಕೆ ಬಂದರೆ ಅಲ್ಲಿ ಯಾರೂ ಇಲ್ಲ. ರಕ್ತವಿಲ್ಲ. ಒಡೆದ ತತ್ರಾಣಿಯ ಬೋಕಿಯೂ ಇಲ್ಲ. ನೆಲ ಸುಟ್ಟ ಹೆಂಚಿನಂತೆ ಒಣಗಿತ್ತು. ಧೂಳಿನಲ್ಲಿ ನನ್ನ ಕ್ಯಾನ್ವಾಸ್ ಬೂಟಿನ ಗುರುತು ಸುತ್ತುಸುತ್ತಾಗಿ ಮೂಡಿತ್ತು. ಬೇರೆ ಹೆಜ್ಜೆ ಒಂದೂ ಇರಲಿಲ್ಲ. ಅಳಿಯ ಬಾವಿಯೊಳಗೆ ಬಗ್ಗಿ ನೋಡಿ, "ಪಾರಿವಾಳ ಬಿಟ್ರ ಏನಿಲ್ಲ," ಎಂದ.

"ನೀರ ಎಲ್ಲಿ ಹುಗದಿದ್ರಿ?" ಎಂದು ಮುದುಕ ಕೇಳಿದ. ತೋರಿಸಿದೆ. ಕೈಯಿಂದಲೇ ಕೆದರಿದ. ತತ್ರಾಣಿ ಹೊರಗೆ ಬಂತು. ತುಂಬಿತ್ತು. ಬಾಯಿಗೆ ಗಂಗಾಳ ಸೀರೆಯ ಹಸಿರು ಚೂರು, ನಾನೇ ಹಾಕಿದ ಗಂಟು. ಇಬ್ಬರೂ ನಕ್ಕರು. ನನಗೂ ಎದೆಯ ಭಾರ ಇಳಿದು ಅಳು ಬಂತು.

"ಬಿಸಲ ಹೊಡದೈತಿ. ದೇವರು ದೊಡ್ಡಾವ. ನಡೀರಿ, ಆ ಕೈಗೆ ಪಟ್ಟಿ ಹಾಕಿಸೋಣ," ಎಂದ ಅಳಿಯ.

ಆಗಲೇ ನಾನು ಬಲಗೈ ನೋಡಿಕೊಂಡದ್ದು. ನಡುಬೆರಳ ಗೆಣ್ಣಿನ ಹತ್ತಿರ ಸೀಳಿ, ಊದಿ, ರಕ್ತ ಹೆಪ್ಪುಗಟ್ಟಿತ್ತು. ಮುಂಗೈಯಲ್ಲಿ ಅರ್ಧಚಂದ್ರದ ಕೆಂಪು ಗಾಯ. ಊರಿನ ಕಂಪೌಂಡರ್ ಚಿಮಟಿಗೆ ಹಾಕಿ ಗಾಯದೊಳಗಿಂದ ಏನನ್ನೋ ಎಳೆದು, ತೊಳೆದು, ಬೆಳಕಿಗೆ ಹಿಡಿದ.

"ಸಾಹೇಬ್ರ, ಇದು ಕಲ್ಲಲ್ರಿ. ಹಲ್ಲು."

ಮನುಷ್ಯನ ಮುಂದಿನ ಹಲ್ಲು. ಬೇರಿಗೆ ಇನ್ನೂ ಹಸಿ ಮಾಂಸ ಹತ್ತಿತ್ತು. ಕಂಪೌಂಡರ್ ನನಗೆ ಬಾಯಿ ತೆರೆಯಲು ಹೇಳಿ ಬೆರಳಿಟ್ಟು ನೋಡಿದ. ನನ್ನ ಹಲ್ಲು ಒಂದೂ ಹೋಗಿರಲಿಲ್ಲ. ಮುದುಕ ಎದ್ದು ಹೊರಗೆ ಹೋದ. ಬಸ್ಸು ಹಿಡಿಸಲು ನನ್ನನ್ನು ಮತ್ತೆ ಚಕ್ಕಡಿಯಲ್ಲಿ ಕೂಡಿಸಿಕೊಳ್ಳಲಿಲ್ಲ. ನಡೆದೇ ಹೋದೆ.

ಮರುದಿನ ಹಲ್ಲನ್ನು ಕಾಗದದಲ್ಲಿ ಕಟ್ಟಿಕೊಂಡು ಪೊಲೀಸರ ಬಳಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಫೌಜದಾರ ಒಳ್ಳೆಯವನು, ಕೂಡಿಸಿ ಕೇಳಿದ. ಕೊನೆಗೆ, "ಹಲ್ಲಿನ ಮ್ಯಾಲ ಕೇಸ ಮಾಡಾಕ ಬರೂದಿಲ್ರಿ. ಹೆಣಾ ಎಲ್ಲೈತಿ?" ಎಂದ. ನನ್ನ ಒತ್ತಾಯಕ್ಕೆ ಬಾವಿಗೆ ಆಳು ಇಳಿಸಿ ನೋಡಿಸಿದ. ಏನೂ ಸಿಗಲಿಲ್ಲ. ಸುತ್ತಲಿನ ಊರುಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಸೊಲ್ಲಾಪುರದ ಡಾಕ್ಟರರು, ಕಾದ ಮಿದುಳು ಏನು ಬೇಕಾದರೂ ಕಾಣುತ್ತದೆ, ನೆಲದಲ್ಲಿದ್ದ ಹಳೆಯ ಹಲ್ಲಿನ ಮೇಲೆ ನೀವು ಬಿದ್ದಿದ್ದೀರಿ ಎಂದರು. ಮುಂಗೈಯ ಕಡಿತ ನಾನೇ ಕಚ್ಚಿಕೊಂಡದ್ದಂತೆ. ಇರಬಹುದು. ಹಸಿ ಮಾಂಸದ ಮಾತು ಎತ್ತಿದಾಗ ಅವರು ಮುಂದಿನ ರೋಗಿಯನ್ನು ಕರೆದರು.

ಭಾವನಿಗೆ ಮೊಣಕಾಲು ಕೆಟ್ಟಿದೆ ಎಂದು ಬರೆದುಹಾಕಿ ರಜೆ ರದ್ದು ಮಾಡಿಸಿದೆ. ಗಂಗಾ ಒಂದು ದಿನ ಆ ಕಾಗದದ ಪೊಟ್ಟಣ ಬಿಚ್ಚಿ ನೋಡಿ, "ಇದಕ್ಕ ಏನರ ಒಂದು ಸಂಸ್ಕಾರ ಮಾಡಿಸ್ರಿ, ಮನ್ಯಾಗ ಬ್ಯಾಡ," ಎಂದಳು. ಭೀಮಾ ನದಿಯ ದಂಡೆಗೆ ಹೋದೆವು. ಭಟ್ಟರು ದರ್ಭೆ ಹಿಡಿದು, ಸತ್ತವರ ಹೆಸರು, ಗೋತ್ರ ಹೇಳಿ ಎಂದರು. ಅವನ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಬೆನ್ನು, ಬರಿದಲೆ, ಅಡ್ಡ ಹಿಡಿದ ಕೈ ಕಂಡವು. ಮುಖ ಕಾಣಲಿಲ್ಲ.

ಭಟ್ಟರು ಇನ್ನೊಮ್ಮೆ ಕೇಳಿದರು. "ಗೊತ್ತಿಲ್ರಿ," ಎಂದೆ.

"ಅವರು ನಿಮಗ ಏನಾಗಬೇಕು?"

ಗಂಗಾ ನನ್ನ ಮುಖ ನೋಡಿದಳು. ನಾನು ಪೊಟ್ಟಣ ಬಿಚ್ಚಿ ಹಲ್ಲನ್ನು ಭಟ್ಟರ ಮುಂದಿಟ್ಟೆ.