ಜಮೈಕಾಕ್ಕೆ ಹೋಗುವ ಪೀಪಾಯಿ

ಬೆಲ್‌ರೋಸಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಬೇಸ್‌ಮೆಂಟಿನಲ್ಲಿ ಜಮೈಕಾದ ಹೆಂಗಸೊಬ್ಬರು ಒಂಟಿಯಾಗಿದ್ದರು. ನನ್ನ ಗಂಡ ಮ್ಯಾನ್‌ಹಟನ್ನಿನಲ್ಲಿ ಕಂಪ್ಯೂಟರಿನ ಹಳೆಯ ಪ್ರೋಗ್ರಾಂಗಳನ್ನು ಹೊಸ ಶತಮಾನಕ್ಕೆ ಸರಿಪಡಿಸುವ ಕೆಲಸಕ್ಕೆ ಬಂದವರು. ಆಗ ಹಿಲ್‌ಸೈಡ್ ಅವೆನ್ಯೂದ ಕಿರಾಣಿ ಅಂಗಡಿಗೆ ಹೋದಾಗಲೆಲ್ಲ ಒಬ್ಬರಾದರೂ ಹೊಸ ಕನ್ನಡದವರು ಸಿಗುತ್ತಿದ್ದರು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಯಾವಾಗಲೂ ಮನೆಯಲ್ಲೇ ಇರುತ್ತಿದ್ದುದರಿಂದ ಕೆಳಗಿನವರ ಬದುಕು ಸ್ವಲ್ಪಸ್ವಲ್ಪವಾಗಿ ನನ್ನ ಕಣ್ಣಿಗೆ ಬಿದ್ದಿತು.

ಸೋಮವಾರದಿಂದ ಶುಕ್ರವಾರದವರೆಗೆ ಅವರು ಲಾಂಗ್ ಐಲ್ಯಾಂಡಿನ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಂಡು ಅಲ್ಲೇ ಇರುತ್ತಿದ್ದರು. ಶನಿವಾರ ಎರಡೂ ಕೈಯಲ್ಲಿ ಚೀಲ ಹಿಡಿದು ಬರುತ್ತಿದ್ದರು. ಚೀಲದಲ್ಲಿದ್ದ ಸಾಮಾನು ಅವರ ಅಡಿಗೆಮನೆಗೆ ಹೋಗುತ್ತಿರಲಿಲ್ಲ, ಬಾಗಿಲ ಪಕ್ಕದ ಪೀಪಾಯಿಗೆ ಹೋಗುತ್ತಿತ್ತು. ಅದು ಗಟ್ಟಿ ರಟ್ಟಿನದು, ನನ್ನ ಎದೆಯೆತ್ತರದ್ದು. ಅಕ್ಕಿ, ಎಣ್ಣೆ, ಡಬ್ಬಿಯ ಮಾಂಸ, ಬಟ್ಟೆಯ ಸೋಪು, ಟೂತ್‌ಪೇಸ್ಟು. ಬೂಟಿನೊಳಗೆ ಕಾಲುಚೀಲ ತುರುಕಿ, ಲೋಟದೊಳಗೆ ಪೆನ್ಸಿಲ್ ಇಟ್ಟು, ಎಲ್ಲಿಯೂ ಗಾಳಿಗೆ ಜಾಗ ಬಿಡದೆ ತುಂಬುತ್ತಿದ್ದರು. ಶಾಲೆ ತೆರೆಯುವ ಮುಂಚೆ ಒಂದು, ಕ್ರಿಸ್‌ಮಸ್ಸಿಗೆ ಒಂದು, ಹಡಗಿನಲ್ಲಿ ಜಮೈಕಾಕ್ಕೆ ಹೋಗುತ್ತಿತ್ತು.

"ನಮ್ಮಲ್ಲಿ ಹೊರಗೆ ಹೋದವರು ಪತ್ರ ಬರೀದಿದ್ರೂ ನಡೆಯುತ್ತೆ," ಎಂದು ಒಮ್ಮೆ ನಕ್ಕು ಹೇಳಿದರು. "ಪೀಪಾಯಿ ಹೋಗ್ಲಿಲ್ಲ ಅಂದ್ರೆ ಸತ್ತೋದ್ಲು ಅಂತ ತಿಳ್ಕೋತಾರೆ."

ಅದನ್ನು ಬಿಚ್ಚುವವಳು ಅವರ ಮಗಳು. ಬೆಟ್ಟದ ಮೇಲಿನ ಹಳ್ಳಿಯಲ್ಲಿ ಅಜ್ಜಿಯ ಜೊತೆಗಿದ್ದಳು. ಇವರು ಮೊದಲು ಕಿಂಗ್‌ಸ್ಟನ್ನಿನ ಬಂದರಿನ ಹತ್ತಿರ, ಅಮೆರಿಕಕ್ಕೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಆ ಕೆಲಸ ಇನ್ನೂ ಅಗ್ಗದ ಕೂಲಿಯ ದೇಶಕ್ಕೆ ಹೋಯಿತು, ಕಾರ್ಖಾನೆ ಮುಚ್ಚಿತು. ಬಟ್ಟೆ ಹೋಗುತ್ತಿದ್ದ ದಿಕ್ಕಿಗೇ ಇವರೂ ಹೊರಟರು. ಆಗ ಮಗಳು ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲವಂತೆ. ಹುಡುಗಿಯ ಅಪ್ಪನ ಮಾತನ್ನು ಅವರು ಎತ್ತಲಿಲ್ಲ.

ಒಂದು ಶನಿವಾರ ನಮ್ಮ ಬಾಗಿಲು ಬಡಿದರು. "ನಿಮ್ಮ ಮಗಳನ್ನ ಒಂದು ಗಳಿಗೆ ಸಾಲ ಕೊಡ್ತೀರಾ?" ಎಂದರು.

ನನ್ನ ಮಗಳೂ ಆ ಹುಡುಗಿಯೂ ಓರಗೆಯವರು. ಚರ್ಚಿಗೆ ಹಾಕಿಕೊಳ್ಳುವ ಹಳದಿ ಫ್ರಾಕನ್ನು ನನ್ನ ಮಗಳಿಗೆ ತೊಡಿಸಿ, ಕಿಟಕಿಯ ಬೆಳಕಿಗೆ ನಿಲ್ಲಿಸಿ, ತಿರುಗಿಸಿ ನೋಡಿದರು. ಹಡಗು ಮುಟ್ಟುವುದರೊಳಗೆ ಮಗು ಬೆಳೆದಿರುತ್ತದೆಂದು ಅಂಚನ್ನು ಎರಡು ಬೆರಳು ಇಳಿಸಿ ಪಿನ್ನು ಹಾಕಿದರು. ಅಂದಿನಿಂದ ಅದು ರೂಢಿಯಾಯಿತು. ಫ್ರಾಕು, ಶಾಲೆಯ ಬಿಳಿ ಅಂಗಿ, ಕಪ್ಪು ಬೂಟು, ಎಲ್ಲವೂ ನನ್ನ ಮಗಳ ಮೈಮೇಲೆ ಒಮ್ಮೆ ಹತ್ತಿ ಇಳಿದು ಪೀಪಾಯಿಗೆ ಹೋಗುತ್ತಿದ್ದವು. ಮಗಳು ಅವರನ್ನು ಆಂಟಿ ಎನ್ನುತ್ತಿದ್ದಳು. ಅವರ ಊರಿನಲ್ಲಿಯೂ ಮಕ್ಕಳು ಹಾಗೇ ಅನ್ನುವುದಂತೆ.

"ನಮ್ಮಾಕಿ ಜಮೈಕಾದ ಮಾಡೆಲ್ ಆದ್ಲು ನೋಡು," ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಿದ್ದರು.

"ನಗಬ್ಯಾಡ್ರಿ. ಪಾಪ, ಅವರಿಗೆ ಮತ್ತ್ಯಾರದಾರ ಅಳತಿ ನೋಡಾಕ?" ಎನ್ನುತ್ತಿದ್ದೆ.

ಭಾನುವಾರ ಕೆಳಗಿನಿಂದ ತೆಂಗಿನಹಾಲಿನಲ್ಲಿ ಬೇಯುವ ಅನ್ನದ ವಾಸನೆಯ ಜೊತೆಗೆ ಅವರ ಫೋನಿನ ಮಾತೂ ಮೇಲೆ ಬರುತ್ತಿತ್ತು. ಕಾಲಿಂಗ್ ಕಾರ್ಡು ತೀರುವವರೆಗೆ ಮಾತಾಡುವರು, ಹೆಚ್ಚಾಗಿ ತಮ್ಮ ಅಮ್ಮನ ಜೊತೆಗೆ. ಕ್ರಿಸ್‌ಮಸ್ಸಿಗೆ ಕೆಂಪು ಹೂವನ್ನು ಶುಂಠಿ ಹಾಕಿ ಕುದಿಸಿದ ಪಾನಕ ಕೊಟ್ಟರು. ಹೂವು ನಮ್ಮ ಕಡೆಯ ಪುಂಡಿಯ ಹೂವಿನಂತೆಯೇ ಇತ್ತು. ನಾವು ಅದರ ಸೊಪ್ಪು ತಿನ್ನುತ್ತೇವೆ ಎಂದಾಗ, "ಹೂವು ಬಿಟ್ಟು ಎಲೆ ತಿಂತೀರಾ? ದನಗಳ ಹಾಗೆ?" ಎಂದು ಹೊಟ್ಟೆ ಹಿಡಿದು ನಕ್ಕರು.

ಮಗಳನ್ನು ಕರೆಸಿಕೊಳ್ಳಲು ಅವರು ಅರ್ಜಿ ಹಾಕಿದ್ದರು. ನಮ್ಮ ಗ್ರೀನ್ ಕಾರ್ಡೂ ಬಾಕಿಯಿತ್ತು. ಮೆಟ್ಟಿಲಲ್ಲಿ ಸಿಕ್ಕಾಗ ಮೊದಲ ಮಾತು, "ನಿಮ್ಮದು ಬಂತಾ?" ಎಂಬುದೇ.

"ಕಂಪ್ಯೂಟರ್ ರಿಪೇರಿ ಮಾಡೋ ನಿಮ್ಮ ಯಜಮಾನರಿಗೇ ಬಂದಿಲ್ಲ. ಮುದುಕಿ ಬೆನ್ನು ಉಜ್ಜೋಳಿಗೆ ಇಷ್ಟು ಬೇಗ ಬರುತ್ತಾ?" ಎನ್ನುತ್ತಿದ್ದರು. ಹಾಗೆಯೇ ವರ್ಷಗಳು ಕಳೆದವು.

ಅವರ ಮಗಳಿಗೆ ಹದಿಮೂರಾದಾಗ ಊರಿನಿಂದ ಒಂದು ಫೋಟೋ ಬಂದಿತು. ಅವರು ಅದನ್ನು ನನ್ನ ಕೈಗೆ ಕೊಟ್ಟರು. ಅಜ್ಜಿಯ ಪಕ್ಕದಲ್ಲಿ ನಿಂತ ಹುಡುಗಿ ಅಜ್ಜಿಗಿಂತ ಎತ್ತರವಿದ್ದಳು, ಅಗಲ ಭುಜದವಳು. ನನ್ನ ಮಗಳು ಕುಳ್ಳಿ, ಕಡ್ಡಿಯಂತಿದ್ದಳು. ಫೋಟೋದಲ್ಲಿ ಅಂಗಿಯ ತೋಳು ಮಣಿಕಟ್ಟಿಗಿಂತ ಬಹಳ ಮೇಲೆ ನಿಂತಿತ್ತು, ಎದೆಯ ಗುಂಡಿ ಹಾಕಲಾಗಿರಲಿಲ್ಲ. ಎಷ್ಟು ವರ್ಷದಿಂದ ಅಳತೆ ತಪ್ಪಿತ್ತೋ ಗೊತ್ತಿಲ್ಲ. ಅಜ್ಜಿ ಪ್ರತಿಸಲವೂ ಫೋನಿನಲ್ಲಿ ಎಲ್ಲ ಸರಿಯಾಗಿದೆ ಎಂದೇ ಹೇಳಿದ್ದಳು.

ಆ ಭಾನುವಾರದ ಮಾತು ಬೇಗ ಮುಗಿಯಿತು. ಹುಡುಗಿ ಏನೆಂದಳೆಂದು ಅವರೇ ನನಗೆ ಹೇಳಿದರು: "ಯಾರ ಮೈಗೆ ನೋಡಿ ತಗೊಂಡ್ಯೋ ಆ ಇಂಡಿಯನ್ ಹುಡುಗಿಗೇ ಕೊಟ್ಟುಬಿಡು."

ಆಮೇಲೆ ಅವರು ನನ್ನ ಮಗಳನ್ನು ಕರೆಯಲಿಲ್ಲ.

ಹುಡುಗಿಗೆ ಹದಿನಾರು ತುಂಬಿದ ಮೇಲೆ ಅರ್ಜಿಯ ಸರದಿ ಬಂದಿತು. ಕಿಂಗ್‌ಸ್ಟನ್ನಿನಲ್ಲಿ ವೀಸಾ ಇಂಟರ್‌ವ್ಯೂಗೆ ದಿನ ಕೊಟ್ಟರು. ಅವರು ಹೊಸ ಮಂಚ ತಂದರು. ಗೋಡೆಗೆ ತಾವೇ ಬಣ್ಣ ಹಚ್ಚಿದರು. ಚಳಿಗಾಲದ ಕೋಟೊಂದನ್ನು ತೀರ ದೊಡ್ಡದು ನೋಡಿ ಕೊಂಡರು. ಆ ದಿನ ಫೋನಿನ ಹತ್ತಿರವೇ ಇರಬೇಕೆಂದು ಮುಂಚೆಯೇ ರಜೆ ಕೇಳಿದರು.

ಆ ದಿನ ಇನ್ನೂ ದೂರವಿದ್ದಾಗಲೇ ಊರಿನಲ್ಲಿ ಅಜ್ಜಿಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ಹುಡುಗಿ ಶಾಲೆ ಬಿಟ್ಟಳು.

"ಯಾರನ್ನಾದ್ರೂ ಇಟ್ಕೊಳ್ಳಲಿಕ್ಕೆ ಬರೂದಿಲ್ಲೇನ್ರಿ?" ಎಂಬುದನ್ನೇ ನಾನು ನನ್ನ ಇಂಗ್ಲಿಷಿನಲ್ಲಿ ಕೇಳಿದೆ.

ಅವರು ಮೆಟ್ಟಿಲ ಮೇಲೆ ಕುಳಿತಿದ್ದರು. "ಇಡಬಹುದು. ಇಲ್ಲಿ ನನ್ನನ್ನ ಇಟ್ಕೊಂಡಿಲ್ವಾ, ಹಾಗೆ. ಅದನ್ನೇ ಅವಳಿಗೂ ಹೇಳಿದೆ. ನೀನು ಹೋದ ಹಾಗೆ ನಾನು ಹೋಗಲ್ಲ ಅಂದ್ಲು."

"ನೀವು ಹೋದ್ರೆ?"

"ನಾನು ಹೋದ್ರೆ ಅಮ್ಮನ ಔಷಧಿ ಎಲ್ಲಿಂದ ಬರುತ್ತೆ?"

ಇನ್ನೊಂದು ದಿನ ಕೊಡಿ ಎಂದು ಕೇಳಬಹುದಿತ್ತು. ಕೇಳಬೇಡ ಎಂದಳಂತೆ ಹುಡುಗಿ.

ಇಂಟರ್‌ವ್ಯೂದ ದಿನ ಬಂದಿತು. ರಜೆಯನ್ನು ಅವರು ರದ್ದು ಮಾಡಿರಲಿಲ್ಲ. ಮಗಳು ಮನಸ್ಸು ಬದಲಾಯಿಸಿ ಕಿಂಗ್‌ಸ್ಟನ್ನಿನ ಬಸ್ಸು ಹತ್ತಿರಬಹುದು ಎಂಬ ಆಸೆ ಅವರಿಗಿತ್ತು. ನಾನು ಚಹಾ ತೆಗೆದುಕೊಂಡು ಕೆಳಗೆ ಹೋದೆ. ಹೊಸ ಮಂಚದ ಅಂಚಿನಲ್ಲಿ ಕುಳಿತಿದ್ದರು, ಫೋನು ಮಡಿಲಲ್ಲಿತ್ತು. ಅದು ರಿಂಗಾದಾಗ ನಾವಿಬ್ಬರೂ ಬೆಚ್ಚಿದೆವು.

ಹುಡುಗಿ ಮನೆಯಿಂದಲೇ ಮಾತಾಡುತ್ತಿದ್ದಳು. ಅಜ್ಜಿಯ ಸೊಂಟದ ಹತ್ತಿರ ಚರ್ಮ ಕೆಂಪಾಗಿದೆ, ಏನು ಮಾಡಲಿ ಎಂದು ಕೇಳಲು ಫೋನು ಮಾಡಿದ್ದಳು.

ಅವರು ಫೋನನ್ನು ಕಿವಿಗೆ ಒತ್ತಿಕೊಂಡರು. ಆಮೇಲೆ ನಿಧಾನವಾಗಿ ಹೇಳತೊಡಗಿದರು. ತೋಳು ಹಿಡಿದು ಎಳೀಬೇಡ. ಮೊದಲು ಮೊಣಕಾಲು ಮಡಿಸು, ಭುಜಕ್ಕೂ ಸೊಂಟಕ್ಕೂ ಕೈ ಕೊಟ್ಟು ನಿನ್ನ ಕಡೆಗೆ ಉರುಳಿಸು. ಎರಡು ಮೊಣಕಾಲಿನ ನಡುವೆ ದಿಂಬು ಇಡು. ಕೆಂಪಾದ ಕಡೆ ತಿಕ್ಕಬೇಡ. ಹಾಸಿಗೆಯ ಚಾದರ ಸುಕ್ಕಾಗದ ಹಾಗೆ ಎಳೆದು ಹಾಸು. ಹುಡುಗಿ ಏನೋ ಕೇಳುವಳು, ಇವರು ಮತ್ತೆ ಮೊದಲಿನಿಂದ ಹೇಳುವರು. ಆ ಹುಡುಗಿ ತಾಯಿಯ ಜೊತೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಇಂಟರ್‌ವ್ಯೂದ ಹೊತ್ತು ಆ ಮಾತಿನ ನಡುವೆಯೇ ದಾಟಿಹೋಯಿತು.

ಫೋನಿಟ್ಟ ಮೇಲೆ ಅವರು ತಣ್ಣಗಾದ ಚಹಾ ಕುಡಿದರು.

"ಬೇಗ ಕಲೀತಾಳೆ," ಎಂದರು. ಕಪ್ಪು ನನ್ನ ಕೈಗೆ ಕೊಟ್ಟರು. "ಈ ಕೆಲಸ ಅವಳಿಗೆ ಬರುತ್ತೆ."