ಹೇಮಾವತಿ ಟೀಚರ್ ಈಜು ತಿದ್ದಿಕೊಂಡದ್ದು

ಹೇಮಾವತಿ ತೀರ್ಥಹಳ್ಳಿಯವಳು. ಅಣ್ಣಂದಿರ ಹಿಂದೆ ತುಂಗೆಗೆ ಇಳಿದಿಳಿದೇ ಈಜು ಬಂದಿತ್ತು. ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಹೊಸನಗರದ ಕಡೆಯ ನಗರ ಎಂಬ ಊರಿನ ಹತ್ತಿರದ ಒಂದು ಹೈಸ್ಕೂಲಿಗೆ ಪಿ.ಟಿ. ಟೀಚರಾಗಿ ಬಂದಾಗ, ಸುತ್ತ ಹೊಳೆ, ಹಿನ್ನೀರು ಇದ್ದೂ ಹುಡುಗಿಯರಿಗೆ ಈಜು ಬಾರದೆಂಬುದು ಅವಳಿಗೆ ಸರಿಬೀಳಲಿಲ್ಲ. ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದಳು. ಬೇಸಿಗೆ ರಜೆಯ ಬೆಳಗುಗಳಲ್ಲಿ, ಸೊಂಟಕ್ಕೆ ಹಗ್ಗ, ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ, ಮೆಟ್ಟಿಲಿದ್ದ ಊರ ಕೆರೆಗೆ ಅವರನ್ನು ಇಳಿಸತೊಡಗಿದಳು.

ಆದರೆ ಕಲಿಸುವುದು ಬೇರೆಯೇ ಆಗಿತ್ತು. "ಹಿಂಗೆ ಮಾಡು" ಎನ್ನುವುದರಾಚೆ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನ ಸ್ಪಂದನಾಳ ಕಾಲು ಪ್ರತಿ ಸಲವೂ ಕೆಳಗಿಳಿಯುತ್ತಿತ್ತು. ಯಾಕೆಂದು ಇಬ್ಬರಿಗೂ ತಿಳಿಯದು.

ಹೊಸನಗರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಗಂಡ ಸುರೇಂದ್ರ ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ದಡದಿಂದ ತೆಗೆದ ವಿಡಿಯೋವನ್ನು ನಿಧಾನವಾಗಿ ಓಡಿಸಿ, ಮೈಮೇಲೆ ಗೆರೆ ಎಳೆದು ತೋರಿಸುವಂಥದ್ದು. ಸ್ಪಂದನಾ ತನ್ನನ್ನೇ ನೋಡಿಕೊಂಡಳು.

"ತಲೆ ಎತ್ತಿದ ಕೂಡ್ಲೆ ಕಾಲು ಕೆಳಗೆ ಹೋಗ್ತದೆ ಟೀಚರ್."

ಮುಖವನ್ನು ನೀರಿಗಿಟ್ಟು ಹೊರಟವಳು ಅಂದೇ ತೇಲಿದಳು.

ಆಮೇಲೆ ಹುಡುಗಿಯರು ಟೀಚರ ಈಜಿನ ವಿಡಿಯೋವನ್ನೂ ತೆಗೆಯಬೇಕೆಂದು ಹಟ ಹಿಡಿದರು. ಹೇಮಾವತಿ ಹುರುಪಿನಲ್ಲಿ ಕೆರೆ ದಾಟಿ ಬಂದಳು. ಫೋನಿನ ಸುತ್ತ ಮುತ್ತಿದವರು ಯಾಕೋ ವಿಡಿಯೋವನ್ನು ಎರಡೆರಡು ಸಲ ಓಡಿಸಿ ನೋಡಿದರು.

"ಬೇಜಾರು ಮಾಡ್ಕೋಬೇಡಿ ಟೀಚರ್," ಎಂದಳು ಸ್ಪಂದನಾ. "ನಿಮ್ಮ ಬಲಗಾಲು ಏನೂ ಮಾಡ್ತಿಲ್ಲ. ಸುಮ್ನೆ ಹಿಂದೆ ಬರ್ತಿದೆ."

ಹೇಮಾವತಿ ಮತ್ತೆ ಮತ್ತೆ ನೋಡಿದಳು. ನಿಜವೇ. ಒಂದು ಗಳಿಗೆ ಕೆನ್ನೆ ಬಿಸಿಯಾಯಿತು. ಮರುಗಳಿಗೆ ನಗು ತಡೆಯಲಾರದೆ ಮೆಟ್ಟಿಲ ಮೇಲೇ ಕೂತುಬಿಟ್ಟಳು. "ಇಷ್ಟು ವರ್ಷ ಅದನ್ನ ಪುಕ್ಕಟೆ ಹೊತ್ಕೊಂಡು ತಿರುಗಿದ್ದೀನಲ್ಲೇ!"

ಮಾರನೆಯ ದಿನದಿಂದ ಅವಳೂ ಸಾಲಿನಲ್ಲಿ ನಿಂತಳು. ಮೆಟ್ಟಿಲು ಹಿಡಿದು ಕಾಲು ಬಡಿದಳು. ಸ್ಪಂದನಾ ದಡದಿಂದ "ಮಂಡಿ ಮಡಚ್ತಿದೀರಿ" ಎಂದು ತಿದ್ದಿದಳು. ಬಾರದ್ದನ್ನು ಕಲಿಯುವ ಕಷ್ಟ ಮೈಗೆ ಹತ್ತಿದ ಮೇಲೆ, ಹೇಳಿಕೊಡುವ ಮಾತೂ ತಾನಾಗಿ ಬಂತು. ಮಳೆ ಹಿಡಿಯುವ ಮುಂಚೆ ಮುಕ್ಕಾಲು ಪಾಲು ಹುಡುಗಿಯರು ಕ್ಯಾನು ಬಿಚ್ಚಿಟ್ಟರು.

ಕೊನೆಯ ದಿನ ಸ್ಪಂದನಾಳ ತಾಯಿ ಕೆರಿಯಮ್ಮ ನೋಡಲು ಬಂದಿದ್ದರು. ಮಗಳು ಆಚೆ ದಡ ಮುಟ್ಟುವವರೆಗೂ ಮೆಟ್ಟಿಲ ತುದಿಯಲ್ಲೇ ನಿಂತಿದ್ದರು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಲ್ಲಗೆ ಕೇಳಿದರು:

"ನಮ್ಮಂಥೋರಿಗೂ ಬರ್ತದಾ ಟೀಚರೇ?"

"ಇಳೀರಿ, ನೋಡೋಣ," ಎಂದು ಹೇಮಾವತಿ ಕೈ ಚಾಚಿದಳು.